ಕೈಮುಗಿದ ಕೈಯಲ್ಲಿಯೇ ದೊಣ್ಣೆ

ಕಳೆದ ಬೇಸಗೆಯ ರಜೆಗೆ ಬೆಂಗಳೂರಿನಿಂದ ಕಂಬಂಗೆ ಬಂದಿದ್ದ ನಮ್ಮ ಮೊಮ್ಮಗನು ದಪ್ಪನೆಯ ಇಂಗ್ಲಿಷ್ ಕಥಾಸಂಪುಟವೊಂದನ್ನು ತಂದಿದ್ದನು. ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಮಲಗಿ ಅದನ್ನು ಓದುತ್ತಿದ್ದವನು ಒಂದು ದಿನ ತಲೆಯೆತ್ತಿ ಕೇಳಿದನು: "ತಾತ, ಇದರಲ್ಲಿ ಸೆಟ್ ಅಂತ ಒಬ್ಬ ಹಾವಿನ ದೇವರು ಇದ್ದಾನೆ. ಬಹಳ ಹಳೆಯವನು, ಬಹಳ ಕೆಟ್ಟವನು. ನಮ್ಮ ನಾಗಪ್ಪನೂ ಹಾಗೆಯೇನಾ?"

ನಾಗಪ್ಪನು ಒಳ್ಳೆಯವನೆಂದು ಹೇಳಿ ಆ ಹೊತ್ತಿಗೆ ಪಾರಾದೆವು. ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಕೊಲ್ಲುವ ಶಕ್ತಿಯುಳ್ಳುದನ್ನು ದೇವರೆಂದು ಪೂಜಿಸುವುದು ಭಕ್ತಿಯೋ, ಬರಿಯ ಭಯವೋ? ಪೂಜಿಸಿದ ಜೀವವನ್ನೇ ಕಂಡಲ್ಲಿ ಹೊಡೆಯುವವನ ಪೂಜೆಗೆ ಏನು ಅರ್ಥ? ಸಂಘದ ಸಾಹಿತ್ಯಕೂಟದ ಈ ಸ್ಮರಣ ಸಂಚಿಕೆಗೆ ಲೇಖನವನ್ನು ಕೇಳಿದಾಗ, ಈ ಮಾತನ್ನೇ ಸಹೃದಯರ ಮುಂದಿಡಬೇಕೆಂದು ತೋರಿತು.

ಮೊಮ್ಮಗನು ಓದುತ್ತಿದ್ದುದು ಅಮೆರಿಕದ ಟೆಕ್ಸಾಸ್ ಪ್ರಾಂತದ ರಾಬರ್ಟ್ ಹೋವರ್ಡ್ ಎಂಬ ಲೇಖಕನ ಕಥೆಗಳನ್ನು. 1932ರಿಂದ ಮೊದಲ್ಗೊಂಡು ಆತನು ಕೋನನ್ ಎಂಬ ವೀರನ ಕಥೆಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದನು. ಅದಕ್ಕಾಗಿ ಇತಿಹಾಸಕ್ಕೂ ಹಿಂದಿನದೆನ್ನುವ ಒಂದು ಯುಗವನ್ನೇ ಕಲ್ಪಿಸಿದನು. ಆ ಯುಗದ ಸ್ಟಿಜಿಯಾ ಎಂಬ ನಾಡಿನ ಕರಾಳ ಸರ್ಪದೇವನೇ ಸೆಟ್. ಹೆಸರು ಮಾತ್ರ ಕಲ್ಪಿತವಲ್ಲ, ಪ್ರಾಚೀನ ಈಜಿಪ್ಟಿನದು. ಅಲ್ಲಿಯ ಪುರಾಣದಲ್ಲಿಯೂ ಸೆಟ್ ಸೌಮ್ಯದೇವತೆಯಲ್ಲ; ಆದರೆ ಸೂರ್ಯದೇವನ ದೋಣಿಯ ಮುಂಭಾಗದಲ್ಲಿ ನಿಂತು, ರಾತ್ರಿಯಲ್ಲಿ ಆ ದೋಣಿಯನ್ನು ನುಂಗಬರುವ ಅಪೆಪ್ ಎಂಬ ಮಹಾಸರ್ಪವನ್ನು ಈಟಿಯಿಂದ ತಿವಿಯುವವನು ಅವನೇ. ಒಂದು ಕಥೆಯಲ್ಲಿ ಹಾವನ್ನು ಕೊಲ್ಲುವವನು ಇನ್ನೊಂದು ಕಥೆಯಲ್ಲಿ ತಾನೇ ಹಾವಾದನು!

ಇದನ್ನು ಕಂಡು ನಗುವ ಮುನ್ನ ನಮ್ಮ ದಿಂಡುಗಲ್ಲು ಜಿಲ್ಲೆಯ ಪಳನಿ ಬೆಟ್ಟವನ್ನು ನೆನೆಯಬೇಕು. ತಮಿಳುನಾಡಿನ ಮುರುಗನ ವಾಹನ ನವಿಲು. ಶಿಲ್ಪಿಗಳು ಆ ನವಿಲಿನ ಕಾಲಿನಡಿ ಹಾವೊಂದನ್ನು ಕೆತ್ತುವ ವಾಡಿಕೆಯುಂಟು. ಅದೇ ಸ್ವಾಮಿಯು ಕನ್ನಡನಾಡಿನ ಕುಕ್ಕೆಯಲ್ಲಿ ಸುಬ್ರಹ್ಮಣ್ಯನೆನಿಸಿ, ಗರುಡನಿಗೆ ಹೆದರಿ ಬಂದ ವಾಸುಕಿಗೆ ಆಶ್ರಯದಾತನಾಗಿದ್ದಾನೆ; ಘಾಟಿಯಲ್ಲಿಯೂ ನಾಗರೂಪದಲ್ಲಿಯೇ ಪೂಜೆಗೊಳ್ಳುತ್ತಾನೆ. ಪಳನಿಗೆ ಕಾವಡಿ ಹೊರುವ, ನಾಗರಪಂಚಮಿಯನ್ನೂ ಮರೆಯದ ನಮ್ಮಂಥ ಗಡಿಯಾಚೆಯ ಕನ್ನಡಿಗರು ಎರಡಕ್ಕೂ ಕೈಮುಗಿಯುತ್ತೇವೆ, ವಿರೋಧವೇನೂ ಕಾಣುವುದಿಲ್ಲ. ಮನುಷ್ಯನು ತನ್ನ ಭಯವನ್ನು ಎರಡು ಬಗೆಯಲ್ಲಿ ನಿಭಾಯಿಸುತ್ತಾನೆ: ಒಂದು, ಅದನ್ನು ತುಳಿಯುವವನನ್ನು ಮೊರೆಹೋಗುವುದು, ಇನ್ನೊಂದು, ಅದನ್ನೇ ಮೊರೆಹೋಗುವುದು. ತಮಿಳಿನಲ್ಲಿ ನಾಗರಹಾವಿಗೆ 'ನಲ್ಲ ಪಾಂಬು', ಎಂದರೆ ಒಳ್ಳೆಯ ಹಾವು, ಎಂದೇ ಹೆಸರು. ರಾತ್ರಿಯ ಹೊತ್ತು ಹಾವೆನ್ನದೆ 'ಹುಳ' ಎನ್ನುವುದು ನಮ್ಮ ಹಿರಿಯರ ರೂಢಿ. ಹೆಸರಿನಿಂದಲೇ ಅದನ್ನು ಒಲಿಸಿಕೊಳ್ಳುವ ಯತ್ನವಿದು.

ನಮ್ಮ ಕಣಿವೆಯಲ್ಲಿ ಈ ಭಯಕ್ಕೆ ಕಾರಣವಿಲ್ಲದಿಲ್ಲ. 1895ರಲ್ಲಿ ಮುಲ್ಲೈಪೆರಿಯಾರ್ ಅಣೆಕಟ್ಟು ಸಿದ್ಧವಾಗಿ, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಮಲೆಯನ್ನು ಕೊರೆದ ಸುರಂಗದ ಮೂಲಕ ಇತ್ತ ಇಳಿದ ಮೇಲೆ, ಗೂಡಲೂರಿನಿಂದ ಚಿನ್ನಮನೂರಿನವರೆಗೆ ಭತ್ತದ ಗದ್ದೆಗಳು ಹಸಿರಾದವು. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬದುವಿನ ಹುತ್ತ, ಬಾಳೆಯ ತೋಟದ ತರಗೆಲೆ, ದ್ರಾಕ್ಷಿ ಚಪ್ಪರದ ಕೆಳಗಿನ ತಂಪು, ಇವೆಲ್ಲ ಹಾವಿಗೆ ನಾವೇ ಕಟ್ಟಿಕೊಟ್ಟ ಮನೆಗಳು. ಊರ ಅರಳಿ ಬೇವುಗಳ ಅಡಿಯಲ್ಲಿ ಹೆಡೆಯೆತ್ತಿದ ಕಲ್ಲುಗಳನ್ನು ನಿಲ್ಲಿಸಿ, ಶುಕ್ರವಾರ ಅರಿಸಿನ ಕುಂಕುಮವಿಟ್ಟು ಹಾಲೆರೆಯುತ್ತೇವೆ. ಅದೇ ಸಂಜೆ ನೀರು ಕಟ್ಟಲು ಹೋದವನ ಕಣ್ಣಿಗೆ ಹಾವು ಬಿದ್ದರೆ ದೊಣ್ಣೆ ಮೇಲೇಳುತ್ತದೆ. ಕಲ್ಲಿನ ನಾಗನಿಗೂ ನಿಜದ ನಾಗನಿಗೂ ನಾವು ತೋರುವ ಈ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಎತ್ತಿ ಆಡಿದ್ದಾರೆ. ಉಣ್ಣಲಾರದ ಲಿಂಗಕ್ಕೆ ನೈವೇದ್ಯವಿಟ್ಟು, ಹಸಿದು ಬಂದ ಜಂಗಮನನ್ನು ಅಟ್ಟುವವರಿಗೆ ಅವರು ಕೊಟ್ಟ ದೃಷ್ಟಾಂತವದು. ನಾವು ಅದನ್ನು ಹಾವಿನ ವಿಷಯವಾಗಿಯೇ ಒಮ್ಮೆ ಕೇಳಿಸಿಕೊಳ್ಳಬೇಕಾಗಿದೆ.

ಕೇಳಿಸಿಕೊಳ್ಳದವರಲ್ಲಿ ನಾವೂ ಒಬ್ಬರು. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಕಣಿವೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದೆವು. ಒಂದು ಸೋಮವಾರದ ಪ್ರಾರ್ಥನಾ ಸಭೆಯಲ್ಲಿ ಮಕ್ಕಳಿಗೆ ಆಸ್ತಿಕನ ಕಥೆಯನ್ನು ಹೇಳಿದೆವು. ಜನಮೇಜಯನ ಸರ್ಪಯಾಗದಲ್ಲಿ ಹಾವುಗಳು ಸಾಲುಸಾಲಾಗಿ ಬೆಂಕಿಗೆ ಬೀಳುತ್ತಿದ್ದುದನ್ನೂ, ಬಾಲಕನಾದ ಆಸ್ತಿಕನು ಬಂದು ಅದನ್ನು ನಿಲ್ಲಿಸಿದುದನ್ನೂ ವರ್ಣಿಸಿದಾಗ ಮಕ್ಕಳು ಕೈತಟ್ಟಿದರು. ಅದೇ ಗುರುವಾರ, ಮಧ್ಯಾಹ್ನದೂಟದ ಅಕ್ಕಿಯಿಟ್ಟಿದ್ದ ಕೋಣೆಯಲ್ಲಿ ಒಂದು ಉದ್ದನೆಯ ಹಾವು ಕಾಣಿಸಿಕೊಂಡಿತು. ಗದ್ದಲವೆದ್ದಿತು. ನಾವು ಬಾಗಿಲಲ್ಲಿ ನಿಂತು "ಹೊಡೆಯಿರಿ" ಎಂದೆವು. ಇಬ್ಬರು ಬಿದಿರುಗಳುಗಳಿಂದ ಹೊಡೆದರು. ಅದು ಸಾಯಲು ಬಹಳ ಹೊತ್ತು ಹಿಡಿಯಿತು. ಅಂಗಳಕ್ಕೆ ಎಳೆದು ತಂದಾಗ ತಿಳಿದವರೊಬ್ಬರು ನೋಡಿ, ಇದು ಸಾರೈ ಎಂದರು. ಸಾರೈ ಎಂದರೆ ನಮ್ಮ ಕೇರೆಹಾವು, ವಿಷವೇ ಇಲ್ಲದುದು. ಅಕ್ಕಿ ತಿನ್ನುವ ಇಲಿಯನ್ನು ಹುಡುಕಿ ಬಂದಿತ್ತು.

ಗುಂಪು ಚದುರಿದ ಮೇಲೆ ಏಳನೆಯ ತರಗತಿಯ ಹುಡುಗನೊಬ್ಬನು ಅಲ್ಲಿಯೇ ನಿಂತಿದ್ದನು. ಶಾಲೆಯಲ್ಲಿ ತಮಿಳನ್ನೇ ಆಡುತ್ತಿದ್ದವನು ಅಂದು ಮನೆಯ ಮಾತಾದ ಕನ್ನಡದಲ್ಲಿ ಮೆಲ್ಲಗೆ ಕೇಳಿದನು: "ಅಯ್ಯಾ, ಇವತ್ತು ಆಸ್ತಿಕ ಯಾಕೆ ಬರಲಿಲ್ಲ?"

"ತರಗತಿಗೆ ನಡೆ" ಎಂದೆವು. ಮೂವತ್ತೈದು ವರ್ಷಗಳ ಅಧ್ಯಾಪನದಲ್ಲಿ ಉತ್ತರಿಸದೆ ಬಿಟ್ಟ ಪ್ರಶ್ನೆಗಳು ಹಲವಿರಬಹುದು. ನೆನಪಿನಲ್ಲಿ ಉಳಿದದ್ದು ಇದೊಂದೇ.

ನಿವೃತ್ತರಾದ ಮೇಲೆ ಮಹಾಭಾರತದ ಆದಿಪರ್ವವನ್ನು ಬಿಡುವಾಗಿ ಓದಿದಾಗ, ನಾವು ಮಕ್ಕಳಿಗೆ ಕಥೆಯ ಕೊನೆಯನ್ನಷ್ಟೇ ಹೇಳಿದ್ದೆವೆಂಬುದು ತಿಳಿಯಿತು. ಸರ್ಪಯಾಗದ ಬೇರು ಹಿಂದಿನದು. ಖಾಂಡವವನವನ್ನು ಅಗ್ನಿಗೆ ಉಣಬಡಿಸಿದಾಗ ಅಲ್ಲಿ ತಕ್ಷಕನ ಮನೆಯಿತ್ತು. ಅವನು ಊರಲ್ಲಿರಲಿಲ್ಲ, ಮಗ ಅಶ್ವಸೇನನನ್ನು ಪಾರುಮಾಡಲು ಹೋದ ತಾಯಿಯು ಅರ್ಜುನನ ಬಾಣಕ್ಕೆ ಬಲಿಯಾದಳು. ಆ ಮಗನೇ ಮುಂದೆ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಕಿರೀಟವನ್ನು ಹಾರಿಸಿದನು. ಅರ್ಜುನನ ಮೊಮ್ಮಗ ಪರೀಕ್ಷಿತನು ಮೌನವ್ರತದಲ್ಲಿದ್ದ ಶಮೀಕ ಋಷಿಯ ಹೆಗಲಿಗೆ ಸತ್ತ ಹಾವನ್ನು ಎಸೆದು ಅವಮಾನಿಸಿದನು; ಋಷಿಪುತ್ರನು ಶಪಿಸಿದನು; ತಕ್ಷಕನು ಕಚ್ಚಿದನು; ಪರೀಕ್ಷಿತನ ಮಗ ಜನಮೇಜಯನು ಯಾಗಕ್ಕೆ ನಿಂತನು. ಒಬ್ಬನ ಅಪರಾಧಕ್ಕೆ ಕುಲಕ್ಕೆ ಕುಲವನ್ನೇ ಸುಡುವ ಸಂಕಲ್ಪವದು.

ಅದನ್ನು ನಿಲ್ಲಿಸಲು ಬಂದ ಆಸ್ತಿಕನು ಯಾರು? ತಂದೆ ಮನುಷ್ಯನಾದ ಋಷಿ. ತಾಯಿ ವಾಸುಕಿಯ ತಂಗಿ. ಎರಡು ಕುಲಗಳ ರಕ್ತವೂ ಅವನಲ್ಲಿ ಹರಿಯುತ್ತಿತ್ತು. ಯಾಗಶಾಲೆಯಲ್ಲಿ ಅವನೊಬ್ಬನಿಗೇ ಬೆಂಕಿಗೆ ಬೀಳುತ್ತಿದ್ದವರು ಸೋದರಮಾವಂದಿರಾಗಿ ಕಂಡರು. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಆಡುತ್ತ ಬೆಳೆದ ನಮಗೆ ಈ ಪಾತ್ರವು ದೂರದ್ದಲ್ಲ. ಎರಡೂ ಕಡೆಯ ನೋವನ್ನು ಬಲ್ಲವನು ಮಾತ್ರ ದ್ವೇಷದ ಸರಪಳಿಯನ್ನು ಕಡಿಯಬಲ್ಲನು.

ಇಲ್ಲಿಗೇ ನಿಲ್ಲಿಸಿದರೆ ಲೇಖನವು ಸುಲಭವಾಗಿ ಮುಗಿದೀತು. ಆದರೆ ಅದು ಪ್ರಾಮಾಣಿಕವಾಗದು. ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು ಕಳೆ ಕೀಳುವಾಗ ಕೊಳಕುಮಂಡಲವು ಕಚ್ಚಿ ತೀರಿಕೊಂಡಳು. ಮೊದಲು ಮಂತ್ರ ಹಾಕುವವನ ಬಳಿಗೆ ಕರೆದೊಯ್ದುದರಿಂದ ಆಸ್ಪತ್ರೆಯನ್ನು ಮುಟ್ಟುವಾಗ ಹೊತ್ತು ಮೀರಿತ್ತು. ಅವಳ ತಾಯಿಯ ಮುಂದೆ ನಿಂತು ಆಸ್ತಿಕನ ಕಥೆಯನ್ನು ಹೇಳುವ ಧೈರ್ಯ ನಮಗಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಸತ್ತರೆಂದು ಒಂದು ದೊಡ್ಡ ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಗರು. ದಯೆಯನ್ನು ಬೋಧಿಸುವವನು ಪಾದರಕ್ಷೆ ತೊಟ್ಟು ಸಿಮೆಂಟಿನ ಜಗಲಿಯ ಮೇಲೆ ಕುಳಿತವನು. ಬೆಲೆ ತೆರುವವನು ಬರಿಗಾಲಿನಲ್ಲಿ ಕೆಸರಿಗಿಳಿದವನು.

ಮಹಾಭಾರತವು ಈ ತಾಯಿಯನ್ನೂ ಮರೆತಿಲ್ಲ. ಅನುಶಾಸನಪರ್ವದಲ್ಲಿ ಗೌತಮಿಯೆಂಬ ವೃದ್ಧೆಯ ಮಗನನ್ನು ಹಾವು ಕಚ್ಚಿ ಕೊಲ್ಲುತ್ತದೆ. ಬೇಡನೊಬ್ಬನು ಅದನ್ನು ಕಟ್ಟಿ ತಂದು, ಹೇಗೆ ಕೊಲ್ಲಲೆಂದು ಕೇಳುತ್ತಾನೆ. ಕೊಂದರೆ ಮಗನು ಬರುವನೇ, ಬಿಟ್ಟುಬಿಡೆಂದು ಅವಳೆನ್ನುತ್ತಾಳೆ. ಬೇಡನು ಒಪ್ಪುವುದಿಲ್ಲ. ಹಾವು ತಾನು ಮೃತ್ಯುವಿನ ಕೈಯ ಉಪಕರಣವೆನ್ನುತ್ತದೆ. ಮೃತ್ಯುವು ಬಂದು ತಾನು ಕಾಲಕ್ಕೆ ಅಧೀನನೆನ್ನುತ್ತಾನೆ. ಕಾಲನು ಬಂದು ಎಲ್ಲಕ್ಕೂ ಕರ್ಮವೇ ಕಾರಣವೆನ್ನುತ್ತಾನೆ. ಕೊನೆಗೆ ಹಾವು ಬಿಡುಗಡೆ ಹೊಂದುತ್ತದೆ. ಈ ವಾದಸರಣಿಗಿಂತ ನಮ್ಮ ಮನಸ್ಸನ್ನು ತಟ್ಟುವುದು ಬೇರೊಂದು ಸಂಗತಿ. ಕ್ಷಮಿಸಿದವಳು ಕಳೆದುಕೊಂಡವಳೇ. ಬೇಡನಿಗಾಗಲಿ ನಮಗಾಗಲಿ ಅವಳ ಪರವಾಗಿ ದ್ವೇಷಿಸುವ ಅಧಿಕಾರವಿಲ್ಲ. ಹಾಗೆಯೇ ಅವಳ ಪರವಾಗಿ ಕ್ಷಮಿಸುವ ಅಧಿಕಾರವೂ ಇಲ್ಲ. ಮೇಲೆ ಹೇಳಿದ ಹೆಣ್ಣುಮಗಳ ತಾಯಿ ಇಂದಿಗೂ ಹಾವನ್ನು ಕ್ಷಮಿಸಿಲ್ಲ. ಅದು ತಪ್ಪೆಂದು ನಾವು ಹೇಳಲಾರೆವು.

ಹಾಗಾದರೆ ನಮ್ಮ ಪಾಲಿನ ಧರ್ಮವಾವುದು? ಮೊದಲನೆಯದು, ನೋಡಿ ತಿಳಿಯುವುದು. ಆದಿಪರ್ವದಲ್ಲಿಯೇ ರುರುವಿನ ಕಥೆಯಿದೆ. ಹಾವು ಕಚ್ಚಿದ ಪ್ರಮದ್ವರೆಯನ್ನು ತನ್ನ ಅರ್ಧಾಯುಷ್ಯವಿತ್ತು ಬದುಕಿಸಿಕೊಂಡ ರುರುವು, ಕಂಡ ಹಾವನ್ನೆಲ್ಲ ಕೊಲ್ಲುವೆನೆಂದು ದೊಣ್ಣೆ ಹಿಡಿದು ತಿರುಗುತ್ತಾನೆ. ಒಂದು ದಿನ ವಿಷವಿಲ್ಲದ ಡುಂಡುಭವೊಂದು, ನಾನು ನಿನಗೇನು ಮಾಡಿದೆನೆಂದು ಕೇಳುತ್ತದೆ. ಅಹಿಂಸೆಯು ಪರಮಧರ್ಮವೆಂಬ ಮಾತು ಆ ಕಥೆಯಲ್ಲಿ ಬರುವುದು ಋಷಿಯ ಪೀಠದಿಂದಲ್ಲ, ದೊಣ್ಣೆಯ ಕೆಳಗೆ ಸಿಕ್ಕ ಹಾವಿನ ಬಾಯಿಂದ. ನಾವು ಕೊಲ್ಲಿಸಿದ ಕೇರೆಗೆ ಬಾಯಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯದು, ಹಾವಿಗೂ ಮನುಷ್ಯನಿಗೂ ನಡುವೆ ದಾರಿ ಬಿಡುವುದು. ಕಂಬಂನಲ್ಲಿ ನಮ್ಮವರು ಪೂಜಿಸುವ ಸ್ವಾಮಿಯು ನಂದಗೋಪಾಲನು. ಗೋಕುಲದ ನೀರನ್ನು ವಿಷಮಾಡಿದ ಕಾಳಿಯನ ಹೆಡೆಯ ಮೇಲೆ ಕುಣಿದವನು ಅವನೇ. ಆದರೆ ಅವನು ಕಾಳಿಯನನ್ನು ಕೊಲ್ಲಲಿಲ್ಲ, ಪೂಜಿಸಲೂ ಇಲ್ಲ. ರಮಣಕದ್ವೀಪಕ್ಕೆ ಹೋಗಿ ಬಾಳೆಂದನು. ಇಂದು ಮನೆಗೆ ಹಾವು ಬಂದರೆ ಅಗ್ನಿಶಾಮಕ ದಳದವರಿಗೆ ಹೇಳಿಕಳುಹಿಸಬಹುದು. ಅವರು ಬಂದು ಹಿಡಿದು ಕಾಡಿಗೆ ಬಿಡುತ್ತಾರೆ. ಇದು ಆ ಲೀಲೆಯ ಅನುಕರಣವೇ. ಮೇಘಮಲೆಯ ಅಂಚಿನವರೆಗೂ ತೋಟ ಮಾಡಿದ ನಾವು ರಮಣಕದ್ವೀಪವನ್ನು ಎಷ್ಟು ಉಳಿಸಿದ್ದೇವೆಂಬುದು ಬೇರೆಯ ಪ್ರಶ್ನೆ, ಇದಕ್ಕಿಂತ ಕಠಿಣವಾದುದು.

ಮೂರನೆಯದನ್ನು ನಮಗೆ ಕಲಿಸಿದವರು ನಮ್ಮ ರಾಜ್ಯದ ಇರುಳರು. ಹಾವು ಹಿಡಿದು ಚರ್ಮಕ್ಕಾಗಿ ಮಾರಿ ಬದುಕುತ್ತಿದ್ದ ಈ ಜನರ ಕಸುಬು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲೂ ಆನಂತರದ ರಫ್ತಿನ ನಿಷೇಧದಿಂದಲೂ ನಿಂತುಹೋಯಿತು. 1978ರಲ್ಲಿ ಚೆನ್ನೈ ಸಮೀಪದಲ್ಲಿ ಅವರ ಸಹಕಾರ ಸಂಘವು ಸ್ಥಾಪಿತವಾಯಿತು. ಈಗ ಅವರು ಹಾವನ್ನು ಹಿಡಿದು, ಕೆಲವು ವಾರ ಇರಿಸಿಕೊಂಡು, ವಿಷವನ್ನು ತೆಗೆದು, ಮತ್ತೆ ಬಯಲಿಗೆ ಬಿಡುತ್ತಾರೆ. ಆ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷದ ಮದ್ದನ್ನು ತಯಾರಿಸುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ಕಡಿತಕ್ಕೂ ಅದೊಂದೇ ಮದ್ದು. ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಹಾವು ಸತ್ತುಹೋದರೆ ಮದ್ದೂ ಇಲ್ಲ. ದೇವರು ಕೊಲ್ಲುವವನೂ ಹೌದು, ಕಾಯುವವನೂ ಹೌದೆಂದು ನಮ್ಮ ಹಿರಿಯರು ನಾಗನ ವಿಷಯದಲ್ಲಿ ಹೇಳಿದ ಮಾತು ಈ ಸೀಸೆಯಲ್ಲಿ ಅಕ್ಷರಶಃ ನಿಜವಾಗಿದೆ.

ಆದುದರಿಂದ ನಾಗಪೂಜೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಭಯದಲ್ಲಿ ಹುಟ್ಟಿದ ಭಕ್ತಿಯು ಭಯದಲ್ಲಿಯೇ ಉಳಿದರೆ, ಕೈಮುಗಿದ ಕೈಯೇ ದೊಣ್ಣೆ ಹಿಡಿಯುತ್ತದೆ. ಭಯವು ಎಚ್ಚರವಾಗಿ, ಎಚ್ಚರವು ತಿಳಿವಾಗಿ ಬೆಳೆದರೆ ಮಾತ್ರ ಅದು ಭಕ್ತಿಯೆನಿಸೀತು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹುತ್ತಕ್ಕೆರೆದ ಹಾಲು ನಾಗನಿಗೆ ಸಲ್ಲುವುದಿಲ್ಲ. ರಾತ್ರಿ ನೀರು ಕಟ್ಟಲು ಹೋಗುವ ಕೂಲಿಯವನಿಗೆ ಒಂದು ಟಾರ್ಚು, ಮೊಳಕಾಲುದ್ದದ ಒಂದು ಜೊತೆ ಬೂಟು, ಕಚ್ಚಿದರೆ ಮಂತ್ರಕ್ಕಲ್ಲ ಆಸ್ಪತ್ರೆಗೆ ಎಂಬ ಒಂದು ಮಾತು, ಇವನ್ನು ಕೊಟ್ಟವನು ನಾಗನಿಗೂ ಮನುಷ್ಯನಿಗೂ ಒಟ್ಟಿಗೆ ಪೂಜೆ ಸಲ್ಲಿಸಿದಂತೆ. ಏಕೆಂದರೆ ಮನುಷ್ಯನು ಸಾಯದಿದ್ದಲ್ಲಿ ಹಾವನ್ನು ಕೊಲ್ಲುವ ಕೋಪವೂ ಹುಟ್ಟದು.

ಮೊಮ್ಮಗನಿಗೆ ಈಗ ಪತ್ರ ಬರೆದಿದ್ದೇವೆ: ನಿನ್ನ ಕಥೆಯ ಸೆಟ್ ಕೆಟ್ಟವನೇ ಇರಲಿ, ಕಥೆಗೆ ಅದು ಬೇಕು, ನಮ್ಮ ನಾಗಪ್ಪನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ, ನಮ್ಮ ನೆರೆಯವನು. ನೆರೆಯವನ ಜೊತೆ ಬಾಳುವುದು ಹೇಗೆಂಬುದೇ ಪ್ರಶ್ನೆ, ಎಂದು.

ಏಳನೆಯ ತರಗತಿಯ ಆ ಹುಡುಗನು ಈಗ ಎಲ್ಲಿರುವನೋ! ಈ ಸಂಚಿಕೆಯು ಅವನ ಕೈಗೆ ಬರಬಹುದು. ಬಂದರೂ ಅವನು ಕನ್ನಡ ಲಿಪಿಯನ್ನು ಓದಲಾರನು, ನಾವು ಅವನಿಗೆ ಅದನ್ನೂ ಕಲಿಸಲಿಲ್ಲ. ಯಾರಾದರೂ ಓದಿ ಹೇಳಿದರೆ ನಮ್ಮ ಉತ್ತರವಿಷ್ಟು: ಮಗು, ಆಸ್ತಿಕನು ಅಂದು ಬಂದಿದ್ದನು. ಏಳನೆಯ ತರಗತಿಯಲ್ಲಿದ್ದನು. ಅವನನ್ನು ನಾವು ತರಗತಿಗೆ ನಡೆಯೆಂದು ಕಳುಹಿಸಿಬಿಟ್ಟೆವು.