ಹುಟ್ಟಾ ಜಾಣರು ಯಾರು?

*ಇಂದಿನ ಧಮ್ಮ ಚಿಂತನೆ*

ಮೊನ್ನೆ ಎಂಟನೇ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿದ್ದನ್ನು ಹೇಳಿದ: "ಸರ್, ಅಮೆರಿಕದಲ್ಲಿ ಏಷ್ಯಾದವರೆಲ್ಲ ಲೆಕ್ಕದಲ್ಲಿ ಹುಟ್ಟಾ ಜಾಣರಂತೆ!"

ನಾವೂ ಏಷ್ಯಾದವರೇ. ಒಂದು ಗಳಿಗೆ ಹೆಮ್ಮೆಯಾಯಿತು. ಆಮೇಲೆ ನನ್ನ ಶಾಲೆಯ ದಿನಗಳು ನೆನಪಾದವು. ನಾನು ಲೆಕ್ಕ ತಪ್ಪಿದರೆ ಮೇಷ್ಟ್ರು ನನ್ನನ್ನಲ್ಲ, ನನ್ನ ಕೇರಿಯನ್ನು ಬೈಯುತ್ತಿದ್ದರು. "ಹುಟ್ಟಾ ಜಾಣ" ಎಂಬುದನ್ನು ಒಪ್ಪಿದರೆ "ಹುಟ್ಟಾ ದಡ್ಡ" ಎಂಬುದನ್ನೂ ಒಪ್ಪಬೇಕಾಗುತ್ತದೆ.

ಧಮ್ಮ ಕಲಿಸುವುದು ಕಾರಣ ಹುಡುಕುವುದನ್ನು. 1882ರಲ್ಲಿ ಇದೇ ಅಮೆರಿಕ ಚೀನೀ ಕೂಲಿಕಾರರು ಬರಬಾರದೆಂದು ಕಾನೂನು ಮಾಡಿತ್ತು. 1965ರ ಹೊಸ ಕಾನೂನು ಬಾಗಿಲು ತೆರೆದಾಗ ಏಷ್ಯಾದಿಂದ ಹೋದವರಲ್ಲಿ ವೈದ್ಯರು, ಎಂಜಿನಿಯರುಗಳು ಬಹಳ. ಓದಿದವರ ಮಕ್ಕಳು ಓದಿದರು. ಅದು ರಕ್ತದ ಗುಣವಲ್ಲ, ಸಿಕ್ಕ ಅವಕಾಶ.

1975ರ ನಂತರ ಯುದ್ಧದಿಂದ ನಿರಾಶ್ರಿತರಾಗಿ ಹೋದ ಕಾಂಬೋಡಿಯಾದವರು, ಲಾವೋಸಿನ ಮೋಂಗ್ ಜನರೂ ಏಷ್ಯಾದವರೇ. ಅವರಲ್ಲಿ ಎಷ್ಟೋ ಮಂದಿ ಬಡತನದಲ್ಲೇ ಉಳಿದರು. "ಏಷ್ಯಾದವರಿಗೇನು ಕಡಿಮೆ?" ಎಂಬ ಹೊಗಳಿಕೆಯ ಅಡಿಯಲ್ಲಿ ಅವರ ಮಕ್ಕಳ ಕಷ್ಟ ಮುಚ್ಚಿಹೋಯಿತು.

ಹುಲ್ಲು, ಮರ, ಹಕ್ಕಿಗಳಲ್ಲಿರುವಂತೆ ಮನುಷ್ಯರಲ್ಲಿ ಹುಟ್ಟಿನ ಜಾತಿಗುರುತಿಲ್ಲವೆಂದು ಭಗವಾನ್ ಬುದ್ಧರು ವಾಸೆಟ್ಠ ಸುತ್ತದಲ್ಲಿ ತಿಳಿಸಿದ್ದಾರೆ. ಬೈಗುಳಕ್ಕೆ ಸಲ್ಲುವ ಈ ಮಾತು ಹೊಗಳಿಕೆಗೂ ಸಲ್ಲುತ್ತದೆ.

*ಇಂದಿನ ಅಭ್ಯಾಸ:* "ಅವರೆಲ್ಲ ಹೀಗೇ" ಎಂಬ ಮಾತು ನಾಲಿಗೆಗೆ ಬಂದಾಗ ಒಂದು ಕ್ಷಣ ತಡೆಯೋಣ. ಎದುರಿಗಿರುವ ಒಬ್ಬರನ್ನು ನೋಡೋಣ, ಅವರು ನಡೆದು ಬಂದ ದಾರಿ ಕೇಳೋಣ.

ಭವತು ಸಬ್ಬ ಮಂಗಲಂ 🌸