ಇನ್ನೊಬ್ಬರು ತೊಟ್ಟ ಬಟ್ಟೆ

ಒಬ್ಬರು ತೊಟ್ಟು ಬಿಟ್ಟ ಬಟ್ಟೆಯಲ್ಲಿ ಅವರದೇನಾದರೂ ಉಳಿದಿರುತ್ತದೆಯೇ? ಟೋಕಿಯೊದ ಶಿಮೊಕಿಟಜಾವ, ಕೋಯೆಂಜಿ ಬೀದಿಗಳ ಹಳೆಬಟ್ಟೆ ಅಂಗಡಿಗಳಲ್ಲಿ ಬೆಲೆಚೀಟಿಯೇ ಹೌದೆನ್ನುತ್ತದೆ. ಅಮೆರಿಕದಿಂದ ಬಂದ ಹಳೆಯ ಜೀನ್ಸ್, ಸೈನಿಕರ ಜಾಕೆಟ್, ಅಜ್ಜಿಯರ ಕಾಲದ ಕಿಮೊನೊಗಳು ಅಲ್ಲಿ ತೂಗುತ್ತಿರುತ್ತವೆ. ಮೊಣಕಾಲಿನ ಬಳಿ ಮಾಸಿದ ನೀಲಿ, ನೆರಿಗೆ ಬಿದ್ದಲ್ಲಿ ಮೂಡಿದ ಬಿಳಿ ಗೆರೆ ಬೇರೆ ಅಂಗಡಿಯಲ್ಲಾದರೆ ದೋಷ. ಇಲ್ಲಿ ಅದಕ್ಕೇ ಹಣ.

ಈ ಊರಿಗೆ ಇದೇನೂ ಹೊಸ ವ್ಯಾಪಾರವಲ್ಲ. ಎಡೊ ಎಂಬ ಹೆಸರಿದ್ದಾಗಲೇ ಕಾಂದಾ ನದಿಯ ದಂಡೆಯ ಯಾನಗಿವಾರದಲ್ಲೂ ತೊಮಿಜಾವಾ ಪೇಟೆಯಲ್ಲೂ ಹಳೆಬಟ್ಟೆಯ ಸಾಲಂಗಡಿಗಳಿದ್ದವು. ಕೊಳ್ಳುವ ಆಸೆಯ ಜೊತೆಗೆ ಅಂಜಿಕೆಯೂ ಇತ್ತು. 1657ರಲ್ಲಿ ಊರಿನ ಬಹುಭಾಗವನ್ನು ಸುಟ್ಟ ಬೆಂಕಿಯ ಬಗ್ಗೆ ಜನ ಕಟ್ಟಿಕೊಂಡ ಕಥೆ ಇದನ್ನೇ ಹೇಳುತ್ತದೆ. ಸತ್ತ ಹುಡುಗಿಯೊಬ್ಬಳ ಉದ್ದತೋಳಿನ ಕಿಮೊನೊ ಮಾರಾಟವಾಗಿ ಇನ್ನೊಬ್ಬಳಿಗೆ, ಅವಳೂ ಸತ್ತ ಮೇಲೆ ಮತ್ತೊಬ್ಬಳಿಗೆ ಸೇರಿತು. ಮೂರನೆಯವಳೂ ಉಳಿಯಲಿಲ್ಲ. ಹೊನ್ಮ್ಯೊಜಿ ದೇಗುಲದ ಅರ್ಚಕರು ಅದನ್ನು ಸುಡಲು ಹೊರಟಾಗ ಗಾಳಿ ಎದ್ದು, ಉರಿಯುತ್ತಿದ್ದ ಬಟ್ಟೆ ಚಾವಣಿಗೆ ತಾಗಿತಂತೆ. ಚರಿತ್ರೆಯಾಗಿ ಇದನ್ನು ನಂಬಬೇಕಿಲ್ಲ; ನಂಬಿಕೆಯಾಗಿ ಮಾತ್ರ ಇದು ಬಹಳ ಸ್ಪಷ್ಟ.

ಭಾರತದ ಧರ್ಮಶಾಸ್ತ್ರದ್ದೂ ಇದೇ ಊಹೆ. ಇತರರು ಬಳಸಿದ ಪಾದರಕ್ಷೆ, ಬಟ್ಟೆ, ಜನಿವಾರ, ಒಡವೆ, ಹೂಮಾಲೆಗಳನ್ನು ತೊಡಬಾರದೆಂದು ಮನುಸ್ಮೃತಿಯ 4ನೇ ಅಧ್ಯಾಯ ವಿಧಿಸುತ್ತದೆ. ಹಾಗಾದರೆ ಹಳೆಬಟ್ಟೆ ಎಲ್ಲಿಗೆ ಹೋಗಬೇಕು? ಉತ್ತರ 10ನೇ ಅಧ್ಯಾಯದಲ್ಲಿದೆ: ಹಳತಾದದ್ದು ಸೇವೆಯ ಶೂದ್ರನಿಗೆ, ಹೆಣದ ಮೇಲಿನದ್ದು ಚಂಡಾಲನಿಗೆ. ತೊಟ್ಟವರ ಅಂಶ ಬಟ್ಟೆಗೆ ಅಂಟುತ್ತದೆ ಎನ್ನುವ ಗ್ರಂಥ, ಆ ಅಂಟನ್ನು ಯಾರು ಹೊರಬೇಕೆಂಬುದನ್ನೂ ತೀರ್ಮಾನಿಸಿಬಿಡುತ್ತದೆ. ಮೈಲಿಗೆಯ ವಿಚಾರವೆಂದು ಶುರುವಾದದ್ದು ಅಧಿಕಾರದ ವಿಚಾರವಾಗಿ ಮುಗಿಯುತ್ತದೆ.

ಬೌದ್ಧ ಭಿಕ್ಷುಗಳ ಪಾಂಸುಕೂಲ ಚೀವರ, ಅಂದರೆ ಚಿಂದಿಯಿಂದ ಹೊಲಿದ ಉಡುಪು, ಇದನ್ನು ತಲೆಕೆಳಗು ಮಾಡುತ್ತದೆ. ಕಸದ ರಾಶಿಯಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಯನ್ನು ಹೆಕ್ಕಿ ಒಗೆದು, ಹೊಲಿದು, ಕಾವಿ ಬಣ್ಣದಲ್ಲಿ ಅದ್ದಿ ತೊಡುವುದು ಅವರ ಕ್ರಮ. ಧರ್ಮಶಾಸ್ತ್ರ ಒಂದು ವರ್ಗದ ಮೇಲೆ ಹೇರುವ ಉಡುಪನ್ನು ಇಲ್ಲಿ ಬೇಕೆಂದೇ ಆರಿಸಿಕೊಳ್ಳಲಾಯಿತು. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಪ್ರಕಾರ ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಅದೇ ವಿನ್ಯಾಸದಲ್ಲಿ ಚೀವರ ಹೊಲಿಯಲು ಬುದ್ಧ ಶಿಷ್ಯ ಆನಂದನಿಗೆ ಹೇಳಿದ. ಕತ್ತರಿಸಿದ ಬಟ್ಟೆಯ ಮೇಲೆ ಕಳ್ಳರಿಗೂ ಆಸೆ ಹುಟ್ಟದು ಎಂಬುದು ಅಲ್ಲಿ ಕೊಟ್ಟ ಕಾರಣಗಳಲ್ಲೊಂದು. ಹಳೆಯದಾಗಿದ್ದರೆ ಸಾಲದು, ಮಾರುಕಟ್ಟೆಯಲ್ಲಿ ಬೆಲೆ ಬಾಳದಂತೆಯೂ ಆಗಬೇಕಿತ್ತು. ಹಳೆಬಟ್ಟೆ ಕೊಳ್ಳುವುದನ್ನೇ ಸರಳ ಬದುಕೆಂದು ಕರೆಯುವವರು ಈ ಕತ್ತರಿಯನ್ನು ಮರೆಯುತ್ತಾರೆ. ಅಂಗಡಿಯ ಹಳೆ ಜಾಕೆಟ್‌ಗೆ ಬೆಲೆ ಇರುವುದು ಅದು ಕತ್ತರಿ ಕಾಣದೆ ಇಡಿಯಾಗಿ ಉಳಿದಿರುವುದರಿಂದ.

ಜಪಾನಿನ ಝೆನ್ ಗುರು ದೋಗೆನ್ (1200–1253) ಚೀವರದ ಮಹಿಮೆಯನ್ನು ಕುರಿತ ಬರಹದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಕಸವೆಂದು ಹೆಕ್ಕಿದ ಮೇಲೆ ಬಟ್ಟೆ ರೇಷ್ಮೆಯೋ ಹತ್ತಿಯೋ ಎಂದು ಕೇಳುವುದೇ ತಪ್ಪು ಎಂಬುದು ಅವನ ನಿಲುವು. ನೂಲಿನ ಜಾತಿಯೇ ಉಳಿಯದಿದ್ದಲ್ಲಿ ತೊಟ್ಟವರ ಗುರುತು ಉಳಿಯುವುದೆಲ್ಲಿಂದ?

ಆಚರಣೆ ಮಾತ್ರ ಅಷ್ಟು ನಿಷ್ಠುರವಾಗಿರಲಿಲ್ಲ. 756ರಲ್ಲಿ ಸಾಮ್ರಾಜ್ಞಿ ಕೋಮ್ಯೊ ನಾರಾದ ತೋದಾಯ್‌ಜಿ ದೇಗುಲಕ್ಕೆ ಒಪ್ಪಿಸಿದ, ಇಂದಿಗೂ ಶೋಸೊಇನ್ ಭಂಡಾರದಲ್ಲಿರುವ ವಸ್ತುಗಳಲ್ಲಿ ಚೀವರಗಳೂ ಇವೆ. ಕೆಲವು ನೋಡಲು ಚಿಂದಿ. ನಿಜದಲ್ಲಿ ಒಳ್ಳೆಯ ರೇಷ್ಮೆಯನ್ನು ಬೇಕೆಂದೇ ಅಂಕುಡೊಂಕಾಗಿ ಕತ್ತರಿಸಿ ಹೊಲಿದವು. ತ್ಯಾಗದ ನೋಟವನ್ನು ಹೊಸ ಬಟ್ಟೆಯಲ್ಲೇ ತಯಾರಿಸಿಕೊಂಡ ಅರಮನೆಯ ಈ ಜಾಣತನ ಇಂದು ಕಾರ್ಖಾನೆಗೆ ಇಳಿದಿದೆ. ಒಕಾಯಾಮಾ ಪ್ರಾಂತದ ಕೊಜಿಮಾದಲ್ಲಿ ಹೊಸ ಜೀನ್ಸನ್ನು ಉಜ್ಜಿ, ಒಗೆದು, ಮೊಣಕಾಲನ್ನು ಮಾಸಿಸಿ ಮಾರಾಟಕ್ಕೆ ಕಳಿಸುತ್ತಾರೆ. ಆ ಬಿಳಿ ಗೆರೆಗಳ ಹಿಂದೆ ಯಾರ ಬದುಕೂ ಇಲ್ಲ, ಆದರೂ ಕೊಳ್ಳುವವರು ಅದೇ ಗೆರೆಗಳಿಗೆ ಹಣ ಕೊಡುತ್ತಾರೆ. ವಾದ ಇಲ್ಲಿಗೆ ಬಂದಾಗ ದೋಗೆನ್‌ನ ಪಕ್ಷವೇ ಗಟ್ಟಿಯಾಗಿ ಕಾಣುತ್ತದೆ: ನೂಲಿನಲ್ಲಿರುವುದು ಗೆರೆ ಮಾತ್ರ, ಮನುಷ್ಯನನ್ನು ಅದರೊಳಗೆ ಕೂರಿಸುವುದು ನೋಡುವವರ ಮನಸ್ಸು.