ನಲ್ಲಿ ಒಂದೋ, ಎರಡೋ?

ಬಚ್ಚಲುಮನೆ ಒಡೆಸಿ ಹೊಸದು ಮಾಡಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಟೈಲ್ಸಿನ ಬಣ್ಣದ್ದಲ್ಲ, ನಲ್ಲಿಯದು. ಗೋಡೆಗೆ ಗಾರೆ ಬೀಳುವ ಮೊದಲೇ ಪ್ಲಂಬರ್ ಕೇಳುತ್ತಾನೆ: ಮಿಕ್ಸರ್ ಹಾಕುವುದೋ, ಬಿಸಿಗೊಂದು ತಣ್ಣಗೊಂದು ಬೇರೆ ಬೇರೆ ನಲ್ಲಿಯೋ? ಉತ್ತರ ಗೋಡೆಯೊಳಗೆ ಹೋಗಿ ಕೂತರೆ ಹತ್ತು ಹದಿನೈದು ವರ್ಷ ಅಲ್ಲೇ ಇರುತ್ತದೆ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಇದಕ್ಕೆ ಮೂರು ವಾರ ಹಿಡಿಯಿತು. ಆಫೀಸಿನಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರಗಳನ್ನು ಅರ್ಧ ಗಂಟೆಯ ಕಾಲ್‌ನಲ್ಲಿ ಮುಗಿಸುತ್ತೇವೆ. ಅಲ್ಲಿ ಆ ನೀರಿನಲ್ಲಿ ಮೀಯುವವರು ನಾವಲ್ಲವಲ್ಲ.

ನಮ್ಮದು ಸಾಗರದ ಕಡೆ. ಅಲ್ಲಿನ ಬಚ್ಚಲಲ್ಲಿ ಹಂಡೆ, ಅಡಿಕೆ ಸಿಪ್ಪೆಯ ಉರಿ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಹದ ಮಾಡಿಕೊಳ್ಳುವುದು ಮೀಯುವವರ ಕೆಲಸ. ಕೈ ಅದ್ದಿ ನೋಡಿ, ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿ, ಆಮೇಲೆ ಮೈಗೆ. ಲೆಕ್ಕ ತಪ್ಪಿದರೂ ಅದು ಬಕೆಟ್ಟಿನಲ್ಲಿ ತಪ್ಪುತ್ತದೆ, ಮೈಮೇಲಲ್ಲ. ಬೇರೆ ಬೇರೆ ನಲ್ಲಿಯೆಂದರೆ ಇದೇ ವ್ಯವಸ್ಥೆ ಪೈಪಿನೊಳಗೆ ಬಂದದ್ದು. ಮಿಕ್ಸರ್ ಬಂದಾಗ ಆ ಪರೀಕ್ಷೆಯ ಹಂತ ಮಾಯವಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೇರ ಪ್ರೊಡಕ್ಷನ್‌ನಲ್ಲೇ ಟೆಸ್ಟಿಂಗ್.

ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಇಂದಿಗೂ ಎರಡು ನಲ್ಲಿ ಕಾಣುತ್ತವೆ. ಬಿಸಿನೀರು ಬರುತ್ತಿದ್ದುದು ಅಟ್ಟದ ಮೇಲಿನ ತೊಟ್ಟಿಯಿಂದ, ಅದು ಕುಡಿಯಲು ತಕ್ಕದ್ದಲ್ಲ. ತಣ್ಣೀರು ನೇರ ಊರಿನ ಕೊಳವೆಯಿಂದ. ತೊಟ್ಟಿಯ ನೀರು ಹಿಂದಕ್ಕೆ ಹರಿದು ಊರ ನೀರನ್ನು ಕೆಡಿಸಬಾರದೆಂದು ಎರಡನ್ನೂ ನಲ್ಲಿಯೊಳಗೆ ಕೂಡಿಸಲು ಅಲ್ಲಿನ ನಿಯಮಗಳು ಬಿಡುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಅನೇಕ ಅಡುಗೆಮನೆ ಮಿಕ್ಸರ್‌ಗಳ ಮೂತಿಯೊಳಗೆ ಎರಡು ಪ್ರತ್ಯೇಕ ದಾರಿಗಳಿದ್ದವು. ನೀರು ಬೆರೆಯುತ್ತಿದ್ದುದು ಹೊರಬಿದ್ದ ಮೇಲೆ. ನಾವು ಓರೆಗಣ್ಣಿಂದ ನೋಡಿ ನಗುವ ಆ ಜೋಡಿ ನಲ್ಲಿಗಳ ಹಿಂದೆ ಪಕ್ಕದ ಮನೆಯವರ ಆರೋಗ್ಯದ ಯೋಚನೆಯಿತ್ತು.

ನನ್ನ ಒಲವು ಎರಡು ನಲ್ಲಿಯ ಕಡೆಗೇ ಇತ್ತು. ನೀರಿನ ಲೆಕ್ಕವೂ ಅದರ ಪರವಾಗಿತ್ತು. ಹತ್ತು ಮೀಟರ್ ಉದ್ದ, ಒಳಗೆ 15 ಮಿಲಿಮೀಟರ್ ಅಗಲದ ಪೈಪಿನಲ್ಲಿ ಸುಮಾರು ಒಂದೂಮುಕ್ಕಾಲು ಲೀಟರ್ ತಣಿದ ನೀರು ನಿಂತಿರುತ್ತದೆ. ಶವರ್ ಕೆಳಗೆ ಬಿಸಿಗೆ ಕಾಯುವವನು ಅದನ್ನು ಮೋರಿಗೆ ಬಿಡುತ್ತಾನೆ. ಬಕೆಟ್ಟಿನಲ್ಲಿ ಅದೂ ಸ್ನಾನಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಪಶ್ಚಿಮ ಪುಣೆಯವರಿಗೆ ಇದು ಸಣ್ಣ ಮಾತಲ್ಲ.

ಆದರೆ ಅಮ್ಮನ ಬೆರಳ ಗಂಟುಗಳು ಊದಿಕೊಂಡಿವೆ. ಗುಂಡನೆಯ ನಲ್ಲಿ ತಿರುಗಿಸಲು ಆಗುವುದಿಲ್ಲ, ತುಂಬಿದ ಬಕೆಟ್ ಸರಿಸುವುದಂತೂ ದೂರದ ಮಾತು. ಉದ್ದ ಹಿಡಿಕೆಯ ಮಿಕ್ಸರನ್ನು ಮಣಿಕಟ್ಟಿನಿಂದಲೇ ಎತ್ತಬಹುದು. ಹಂಡೆಯ ಸೊಗಸಿನ ಬಗ್ಗೆ ನಾನು ಎಷ್ಟು ಪುಟ ಬರೆದರೂ ಆ ಕೈಯ ಮುಂದೆ ನಿಲ್ಲುವುದಿಲ್ಲ. ಹದ ಮಾಡಿಕೊಳ್ಳುವುದೇ ಸ್ವಾತಂತ್ರ್ಯ ಎನ್ನುವವನ ಕೈ ಗಟ್ಟಿಯಾಗಿರುತ್ತದೆ. ಹಾಗಂತ ಮಿಕ್ಸರಿಗೂ ಅಪಾಯವಿದೆ: 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲೇ ದೊಡ್ಡವರ ಚರ್ಮವನ್ನು ಆಳವಾಗಿ ಸುಡಬಲ್ಲದು, 49 ಡಿಗ್ರಿಯಲ್ಲಿ ಅದಕ್ಕೆ ನಿಮಿಷಗಳೇ ಬೇಕು. ವಯಸ್ಸಾದ ಚರ್ಮ ತೆಳು, ಕಾಲು ಹಿಂದೆಗೆಯುವುದು ನಿಧಾನ. ಮಿಕ್ಸರಿನ ಕಾರ್ಟ್ರಿಜ್‌ನಲ್ಲಿ ಬಿಸಿಯ ಕಡೆಗೆ ಮಿತಿ ಹಾಕುವ ಪುಟ್ಟ ಉಂಗುರವೊಂದು ಇರುತ್ತದೆ. ಅದಿರುವ ಮಾದರಿಯನ್ನು ಕೇಳಿ ತೆಗೆದುಕೊಳ್ಳಬೇಕು. ಅಂಗಡಿಯವನು ತಾನಾಗಿ ಹೇಳುವುದು ಹೊಳಪಿನ ಬಗ್ಗೆ ಮಾತ್ರ.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಮನೆಯ ಕತೆ. ನನ್ನನ್ನು ಕಾಡಿದ್ದು ಮುಂದಿನದು. ನಮ್ಮ ಕಟ್ಟಡದಲ್ಲಿ ಬಿಸಿನೀರು ತಾರಸಿಯ ಸಾಮೂಹಿಕ ಸೋಲಾರ್ ಟ್ಯಾಂಕಿನಿಂದ ಬರುತ್ತದೆ, ತನ್ನ ಭಾರದಿಂದಲೇ ಇಳಿಯುತ್ತದೆ. ತಣ್ಣೀರಿಗೆ ಪಂಪಿನ ಒತ್ತಡವಿದೆ. ಎರಡೂ ಮಿಕ್ಸರಿನೊಳಗೆ ಭೇಟಿಯಾಗುತ್ತವೆ. ಯಾರೋ ಎರಡೂ ಕಡೆ ತೆರೆದಿಟ್ಟು ತುದಿಯ ಹ್ಯಾಂಡ್ ಶವರನ್ನು ಮಾತ್ರ ಮುಚ್ಚಿ ಹೋದರು ಅನ್ನಿ. ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಅವರ ಬಚ್ಚಲಲ್ಲಿ ಒಂದು ಹನಿಯೂ ಬೀಳುವುದಿಲ್ಲ. ಅದೇ ಸಾಲಿನ ಇನ್ನೊಂದು ಮನೆಯಲ್ಲಿ ಮಗುವಿಗೆ ಮೀಯಿಸುತ್ತಿರುವವರಿಗೆ ನೀರು ಉಗುರುಬೆಚ್ಚಗೂ ಇರುವುದಿಲ್ಲ. ಅವರು ಸೋಲಾರ್ ಸರಿಯಿಲ್ಲ ಅನ್ನುತ್ತಾರೆ, ವಾಚ್‌ಮನ್‌ಗೆ ಬೈಯುತ್ತಾರೆ, ಕೊನೆಗೆ ಗೀಜರ್ ಹಾಕಿಸಿಕೊಳ್ಳುತ್ತಾರೆ.

ನನಗೆ ಕಾಣದ, ನನ್ನದೆಂದು ಯಾರೂ ಗುರುತಿಸಲಾರದ ಹಾನಿಗೆ ನಾನು ಹೊಣೆಯೇ? ತತ್ತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ 1984ರ ತಮ್ಮ ‘ರೀಸನ್ಸ್ ಆ್ಯಂಡ್ ಪರ್ಸನ್ಸ್’ ಪುಸ್ತಕದಲ್ಲಿ ಇಂಥದೇ ಒಂದು ಊಹೆಯನ್ನು ಮುಂದಿಡುತ್ತಾರೆ: ಸಾವಿರ ಜನ ಒಬ್ಬೊಬ್ಬರೂ ಒಂದೊಂದು ಗುಂಡಿ ಒತ್ತುತ್ತಾರೆ, ಒಂದು ಒತ್ತಿನಿಂದ ಯಾರಿಗೂ ನೋವು ಹೆಚ್ಚಿದ್ದು ಗೊತ್ತಾಗುವುದಿಲ್ಲ, ಒಟ್ಟಾರೆ ಮಾತ್ರ ಅದು ಚಿತ್ರಹಿಂಸೆ. ಪಾಲು ಸಣ್ಣದು ಎಂಬ ನೆಪ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಕಟ್ಟಡದ್ದು ಚಿತ್ರಹಿಂಸೆಯೇನಲ್ಲ, ಡಿಸೆಂಬರಿನ ತಣ್ಣನೆಯ ಸ್ನಾನ. ಆದರೂ ತರ್ಕ ಅದೇ. ನನಗನ್ನಿಸುವುದು, ಇಲ್ಲಿ ಯಾರು ತೆರೆದಿಟ್ಟರು ಎಂದು ಹುಡುಕುವುದೇ ದಾರಿ ತಪ್ಪಿದ ಪ್ರಶ್ನೆ. ಮರೆಯುವುದು ಮನುಷ್ಯರ ಗುಣ. ಆ ಮರೆವು ಪರರ ಮನೆಗೆ ಹರಿಯಲು ದಾರಿ ಬಿಟ್ಟವರ ಪಾಲೇ ದೊಡ್ಡದು, ಮತ್ತು ಗೋಡೆ ತೆರೆದಿರುವ ಆ ಮೂರು ವಾರ ಆ ದಾರಿ ಮುಚ್ಚುವ ಅಧಿಕಾರ ಇರುವುದು ಮನೆ ಮಾಡಿಸುವವರಿಗೆ. ಪ್ಲಂಬರಿಗಲ್ಲ; ಅವನು ಹೇಳಿದಷ್ಟು ಮಾಡುತ್ತಾನೆ, ಉಳಿಸಿದ ಪ್ರತಿ ಪಾರ್ಟಿಗೂ ನಾವೇ ಅವನನ್ನು ಹೊಗಳುತ್ತೇವೆ.

ಮುಚ್ಚುವುದು ಕಷ್ಟವೇನಲ್ಲ. ಮಿಕ್ಸರಿನ ಎರಡೂ ಬಾಯಿಗೆ ನೀರು ಒಂದೇ ದಿಕ್ಕಿಗೆ ಹೋಗಲು ಬಿಡುವ ನಾನ್-ರಿಟರ್ನ್ ವಾಲ್ವ್. ಮಿಕ್ಸರಿನ ಬೆಲೆಯ ಮುಂದೆ ಅದರ ಖರ್ಚು ಕಡಿಮೆ. ಆದರೆ ಇದರಿಂದ ಲಾಭ ನೆರೆಯವರಿಗೆ, ದುಡ್ಡು ನನ್ನದು. ಹಾಗಾಗಿ ಯಾವ ಕೊಟೇಶನ್ನಿನಲ್ಲೂ ಅದರ ಹೆಸರಿರುವುದಿಲ್ಲ. ಪ್ರಾಜೆಕ್ಟುಗಳಲ್ಲೂ ಹಾಗೇ: ಮೀಟಿಂಗಿಗೆ ಬಾರದವರ ಅಗತ್ಯ ಪಟ್ಟಿಗೆ ಸೇರುವುದಿಲ್ಲ.

ಅಮ್ಮನ ಬಚ್ಚಲಿಗೆ ಮಿತಿ ಉಂಗುರದ ಮಿಕ್ಸರ್ ಹಾಕಿಸಿದೆವು, ಎರಡೂ ವಾಲ್ವುಗಳು ಕೈಗೆ ಸಿಗುವಂತೆ ಗೋಡೆಯ ಹೊರಗೆ. ನಮ್ಮ ಬಚ್ಚಲಿಗೆ ಎರಡು ನಲ್ಲಿ, ಒಂದು ಬಕೆಟ್. ಮಗಳು ಇನ್ನೂ ಗೊಣಗುತ್ತಾಳೆ. ಮುಂದಿನ ಸೊಸೈಟಿ ಸಭೆಗೆ ಒಂದು ಚೀಟಿ ಕೊಟ್ಟಿದ್ದೇನೆ: ಹಳೆಯ ಮಿಕ್ಸರ್ ಇರುವ ಎಲ್ಲ ಮನೆಗಳಿಗೂ ವಾಲ್ವನ್ನು ಸಾಮೂಹಿಕ ನಿಧಿಯಿಂದಲೇ ಹಾಕಿಸೋಣ, ಬಾಡಿಗೆಯವರ ಮನೆಗಳಿಗೆ ಮೊದಲು, ಅವರಿಗೆ ಗೋಡೆ ಮುಟ್ಟುವ ಹಕ್ಕಿಲ್ಲ, ಸಭೆಯಲ್ಲಿ ಮತವೂ ಇಲ್ಲ.